ಮೇಲಿನ ಪದರ

ಉಳ್ಳಿ ಮಾವನ ಅಂಗಡಿಯಲ್ಲಿ ಒಂದು ಕಿಲೋ ಈರುಳ್ಳಿ ಕೊಂಡರೆ ಒಂದು ಪುರಾಣ ಪುಕ್ಕಟೆ. ಪಿರಮಿಡ್ ಕಟ್ಟಿದ ಕೂಲಿಗಳು ಈರುಳ್ಳಿ ತಿಂದೇ ಬಂಡೆ ಎಳೆದರಂತೆ. ಸತ್ತ ರಾಜನ ಕಣ್ಣಿನ ಗುಳಿಗೂ ಈರುಳ್ಳಿ ಇಟ್ಟು ಮಣ್ಣು ಮಾಡಿದರಂತೆ. ಗಿರಾಕಿ ಕಾಲ್ತೆಗೆದರೂ ಪುಣ್ಯಾತ್ಮ ಬಿಡುತ್ತಿರಲಿಲ್ಲ. "ಅಮ್ಮಾ, ದಪ್ಪಗೆ ಸುಲೀಬೇಡಿ! ಸತ್ವ ಇರೋದೇ ಸಿಪ್ಪೆ ಪಕ್ಕದ ಪದರದಲ್ಲಿ. ಹಸೀದು ತಿನ್ನಿ, ಬೇಯಿಸಿದ್ರೆ ಸಿ ವಿಟಮಿನ್ ಎಷ್ಟೋ ಮಂಗಮಾಯ!"

ಕೇಳಿ ಕೇಳಿ ಹೆಂಡತಿಯ ಕಿವಿ ತೂತು ಬಿದ್ದಿತ್ತು. "ನಿಮ್ಮ ಬಾಯಿಗೊಂದು ಬೀಗ ಹಾಕ್ರೀ," ಅನ್ನುತ್ತಿದ್ದಳು. ಅಯ್ಯೋ, ಯಾವ ಹಾಳು ಗಳಿಗೆಯಲ್ಲಿ ಅಂದಳೋ! ಮಾವನಿಗೆ ಮರೆವಿನ ಕಾಯಿಲೆ ಬಂತು. ಮೊದಲು ಗಿರಾಕಿಗಳ ಗುರುತು ಹೋಯಿತು, ಆಮೇಲೆ ಮನೆಯ ದಾರಿ, ಕೊನೆಗೆ ಪಿರಮಿಡ್ಡೂ. ಹೋದದ್ದು ತಿರುಗಿ ಬರಲ್ಲ ಅಂದರು ಡಾಕ್ಟರು.

ಆದರೂ ದಿನಾ ಅವನನ್ನು ಅಂಗಡಿಗೆ ಕರೆತಂದು ಬೋರಲು ಹಾಕಿದ ಕ್ರೇಟಿನ ಮೇಲೆ ಕೂರಿಸುತ್ತಿದ್ದಳು. ಕೈ ಮಾತ್ರ ಮರೆತಿರಲಿಲ್ಲ. ಒಂದೊಂದೇ ಈರುಳ್ಳಿಯ ಕತ್ತು ಒತ್ತಿ ನೋಡಿ, ಮೆತ್ತಗಾದದ್ದನ್ನು ಬುಟ್ಟಿಗೆಸೆಯುತ್ತಿದ್ದ. ಅವಳ ಆಸೆಗೆ ಅದೇ ಊರುಗೋಲು. ಈರುಳ್ಳಿ ಬಗ್ಗೆ ಯಾರಾದರೂ ತಪ್ಪು ಹೇಳಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತಲ್ಲ? ಒಮ್ಮೆ ಹಾಗೆ ಉರಿದುಬಿದ್ದರೆ ಸಾಕಿತ್ತು, ತನ್ನ ಗಂಡ ಒಳಗೆಲ್ಲೋ ಇದ್ದಾನೆ ಅಂತ ನಂಬಿಕೊಂಡು ಬದುಕುತ್ತಿದ್ದಳು.

ಅವತ್ತು ಅವನೆದುರೇ ಕೂತು, ಬೇಕಂತಲೇ ಎರಡೆರಡು ಪದರ ಕಿತ್ತೆಸೆದಳು.

"ಮೇಲಿನದೆಲ್ಲ ದಂಡ. ಸತ್ವ ಇರೋದು ನಡುವಿನ ತಿರುಳಲ್ಲಿ. ಪಿರಮಿಡ್ ಕಟ್ಟಿದವರು ಈರುಳ್ಳಿ ಮೂಸಿಯೂ ನೋಡ್ಲಿಲ್ವಂತೆ!"

ಅವನ ಕೈ ನಿಂತಿತು. ಅವಳು ಮನಸ್ಸಲ್ಲೇ ಬೇಡಿಕೊಂಡಳು: ಬೈಯಿ ಮಹಾರಾಯ, 'ಏ ದಡ್ಡಿ' ಅಂತ ಒಂದೇ ಒಂದು ಸಲ ಬೈಯಿ.

ಅವನು ಹೊಸ ಗಿರಾಕಿಗೆ ನಗುವ ಹಾಗೆ ನಕ್ಕ. "ಹೌದಾ ತಾಯಿ? ನಂಗೆ ಗೊತ್ತೇ ಇರ್ಲಿಲ್ಲ. ಯಾರು ಹೇಳಿಕೊಟ್ರು?"

ಅವಳು ಕೈಲಿದ್ದ ಈರುಳ್ಳಿ ಕೆಳಗಿಟ್ಟಳು.

"ನಮ್ಮನೆಯವರು."

"ಎಲ್ಲಿ, ಅವರು ಬರ್ಲಿಲ್ವಾ?"

"ಇಲ್ಲ," ಅಂದಳು, ಅಂದವಳೇ ಬಿಕ್ಕಿ ಬಿಕ್ಕಿ ಅತ್ತಳು. ಅವನು ಪಾಪ ಅನ್ನುವ ಹಾಗೆ ನೋಡುತ್ತ ಕೂತ.

ಅತ್ತು ಮುಗಿದ ಮೇಲೆ ನೆಲಕ್ಕೆ ಬಿದ್ದ ಪದರಗಳನ್ನೆಲ್ಲ ಆಯ್ದು ಮಡಿಲಿಗೆ ಹಾಕಿಕೊಂಡಳು.

"ನಾನು ತಪ್ಪು ಹೇಳ್ದೆ. ಅವರು ಹೇಳ್ತಿದ್ದದ್ದೇ ಬೇರೆ," ಅಂತ ಪಿರಮಿಡ್ಡಿನಿಂದ ಶುರು ಮಾಡಿದಳು. ಒಂದಕ್ಷರ ಮರೆತಿರಲಿಲ್ಲ.

"ಆಮೇಲೆ?" ಅಂದ ಅವನು.