ಗುರುತಿಲ್ಲದ ರುಚಿ

ಸಂಜೆ ಆರಕ್ಕೆ ಆಸ್ಪತ್ರೆಗೆ ಸೇರಬೇಕಿತ್ತು. ಮರುದಿನ ಬೆಳಗ್ಗೆ ಆಪರೇಷನ್. ನಾಲಿಗೆಯ ಎಡಬದಿಯಲ್ಲಿ ಸಣ್ಣ ಹುಣ್ಣಾಗಿ ಶುರುವಾದದ್ದು ಬುಡದವರೆಗೂ ಹಬ್ಬಿದೆ, ಪೂರ್ತಿ ತೆಗೆಯದೆ ಬೇರೆ ದಾರಿಯಿಲ್ಲ ಎಂದು ಡಾಕ್ಟರು ಹೇಳಿ ಎಂಟು ದಿನವಾಗಿತ್ತು. ತೊಡೆಯಿಂದ ಮಾಂಸ ತೆಗೆದು ಆ ಜಾಗಕ್ಕೆ ಹೊಲಿಯುತ್ತಾರಂತೆ. ನೋಡುವುದಕ್ಕೆ ನಾಲಿಗೆಯ ಹಾಗೇ ಇರುತ್ತದೆ. ರುಚಿ ತಿಳಿಯುವುದಿಲ್ಲ, ಮಾತು ಹೊರಳುವುದಿಲ್ಲ.

ಅವಳು ಬಟ್ಟೆ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕಿ. ಅರವತ್ತು ಹೊಲಿಗೆ ಮಷೀನುಗಳ ಸದ್ದನ್ನು ಮೀರಿಸುವ ಗಂಟಲು. ಬೆನ್ನ ಹಿಂದೆ ಹೆಂಗಸರು ಅವಳನ್ನು ರೇಡಿಯೋ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಗಂಡ ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಕತ್ತಲೆಯ ಗುಂಡಿಯಲ್ಲಿ ಉಕ್ಕಿನ ಹಗ್ಗ, ಗಾಲಿ, ಗ್ರೀಸುಗಳ ನಡುವೆ ಒಬ್ಬನೇ ಕೆಲಸ ಮಾಡಿ ಮಾಡಿ ಅವನಿಗೆ ಮಾತೇ ಮರೆತುಹೋದಂತಿತ್ತು. ಮನೆ ಮಾಲೀಕನ ಜೊತೆ ಜಗಳ, ಅಂಗಡಿಯಲ್ಲಿ ಚೌಕಾಸಿ, ನೆಂಟರ ಫೋನು ಎಲ್ಲ ಅವಳ ಪಾಲಿನದು. ಮದುವೆಯಾಗಿ ಇಪ್ಪತ್ತಾರು ವರ್ಷ. ಮಕ್ಕಳಿರಲಿಲ್ಲ.

ಮಧ್ಯಾಹ್ನ ಬ್ಯಾಗು ಎತ್ತಿಕೊಂಡು ಹೊರಡುವಾಗ ಅವನು ಕೇಳಿದ: "ಇವತ್ತು ನಿನಗೇನು ಇಷ್ಟವೋ ಅದನ್ನೇ ತಿನ್ನೋಣ. ಎಲ್ಲಿಗೆ ಹೋಗೋಣ ಹೇಳು."

"ಇಷ್ಟವಾದ್ದು ಬೇಡ" ಎಂದಳು ಅವಳು. "ಗುರುತಿರೋ ರುಚಿ ತಿಂದ್ರೆ ಆಮೇಲೆ ಅದನ್ನೇ ನೆನೆಸ್ಕೊಂಡು ಸಾಯ್ತೀನಿ. ಜನ್ಮದಲ್ಲಿ ತಿನ್ನದೇ ಇರೋದು ಏನಾದ್ರೂ ತಿನ್ನೋಣ ರೀ. ಅದು ಹೋದ್ರೂ ಹೊಟ್ಟೆ ಉರಿಯಲ್ಲ."

ಆಸ್ಪತ್ರೆಯ ಹಿಂದಿನ ಗೇಟಿನ ಎದುರು, ಬೀಗ ರಿಪೇರಿಯ ಅಂಗಡಿಗೂ ಲಾಂಡ್ರಿಗೂ ನಡುವೆ ಒಂದು ಚೀನೀ ಹೋಟೆಲು ಇತ್ತು. ತಪಾಸಣೆಗೆ ಬಂದಾಗಲೆಲ್ಲ ಅದರ ಮುಂದೆ ಹಾದುಹೋಗಿದ್ದರು, ಒಳಗೆ ಹೋಗಿರಲಿಲ್ಲ. ಇದ್ದದ್ದು ಐದೇ ಮೇಜು. ಗೋಡೆಗೆ ಚೀನೀ ಅಕ್ಷರಗಳ ಉದ್ದುದ್ದ ಕಾಗದದ ಪಟ್ಟಿಗಳನ್ನು ಅಂಟಿಸಿದ್ದರು. ಪಕ್ಕದಲ್ಲಿ ಎಣ್ಣೆ ಹೊಗೆಗೆ ಮಾಸಿದ ಫೋಟೋಗಳು, ಅವುಗಳ ಕೆಳಗೆ ನಮ್ಮ ಲಿಪಿಯಲ್ಲಿ ಅಂಕುಡೊಂಕಾಗಿ ಬರೆದ ಹೆಸರುಗಳು. ಒಡತಿ ಗಿಡ್ಡನೆಯ ಚೀನೀ ಮುದುಕಿ, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡು ಬಂದು ನಿಂತಳು.

ಹೆಂಡತಿ ಗಂಡನ ಮೊಣಕೈ ತಿವಿದಳು. "ನೀವೇ ಕೇಳಿ."

"ನಾನಾ?"

"ಮತ್ತಿನ್ಯಾರು? ನಾಳೆಯಿಂದ ಎಲ್ಲ ಕಡೆ ನೀವೇ ತಾನೆ ಕೇಳ್ಬೇಕು?"

ಅವನು ಕೆಮ್ಮಿದ. "ಅಮ್ಮಾ... ಅದು... ಇಲ್ಲಿ..."

"ನೂಡಲ್ಸ್?" ಎಂದಳು ಮುದುಕಿ.

"ಅಲ್ಲ. ನಾವು ಯಾವತ್ತೂ ತಿನ್ನದೇ ಇರೋದು. ಎಲ್ಲೂ ಸಿಗದೇ ಇರೋದು."

ಮುದುಕಿ ಇಬ್ಬರನ್ನೂ ಒಮ್ಮೆ ನೋಡಿದಳು. "ಆಮೇಲೆ ಬಯ್ಯಬಾರದು" ಎಂದು ಒಳಗೆ ಹೋದಳು.

ಮೊದಲು ಬಂದದ್ದು ಮೊಟ್ಟೆ. ಸುಣ್ಣ, ಬೂದಿಯಲ್ಲಿ ವಾರಗಟ್ಟಲೆ ಹುದುಗಿಸಿಟ್ಟದ್ದಂತೆ. ಬಿಳಿಯ ಭಾಗ ಕಪ್ಪು ಗಾಜಿನ ಹಾಗಾಗಿತ್ತು, ನಡುವಿನ ಹಳದಿ ಪಾಚಿ ಬಣ್ಣಕ್ಕೆ ತಿರುಗಿತ್ತು. ಘಾಟಿಗೆ ಅವನು ಮುಖ ತಿರುಗಿಸಿದ. ಬಾಯಿ ಮರಗಟ್ಟಿಸುವ ಜೆಲ್ಲನ್ನು ಜೇಬಿನಿಂದ ತೆಗೆದು ಹೆಂಡತಿಯ ಮುಂದಿಟ್ಟ. ಊಟಕ್ಕೆ ಮುಂಚೆ ಅದನ್ನು ಹಚ್ಚಿಕೊಳ್ಳದೆ ಅವಳು ನೀರನ್ನೂ ನುಂಗುತ್ತಿರಲಿಲ್ಲ.

"ಹಚ್ಚಿದ್ರೆ ರುಚಿ ಗೊತ್ತಾಗಲ್ಲ" ಎಂದು ಅವಳು ಅದನ್ನು ಪಕ್ಕಕ್ಕೆ ತಳ್ಳಿದಳು.

ಮೊಟ್ಟೆಯ ಚೂರು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ದವಡೆ ನಡುಗಿತು. ನುಂಗುವುದಕ್ಕೆ ಬಹಳ ಹೊತ್ತಾಯಿತು. "ಕೆಟ್ಟಿದೆ ಅಂದ್ಕೊಂಡ್ರೆ ಕೆಟ್ಟಿಲ್ಲ ರೀ. ಬೆಣ್ಣೆ ಇದ್ದ ಹಾಗಿದೆ, ಹಿಂದೆಯೇ ಬೆಂಕಿಪೊಟ್ಟಣದ ವಾಸನೆ."

ಮುಂದಿನದು ಸಮುದ್ರದ ಲೋಳೆಮೀನು, ಅಂದರೆ ಜೆಲ್ಲಿಫಿಶ್, ದಾರದ ಹಾಗೆ ಸೀಳಿದ್ದು. ಅದಕ್ಕೆ ರುಚಿಯೇ ಇರಲಿಲ್ಲ. ಕಚ್ಚಿದರೆ ಕರಕರ ಸದ್ದು ಅಷ್ಟೆ. ಅವಳು ಬಲಗಡೆಯ ಹಲ್ಲಿನಲ್ಲೇ ಅಗಿದಳು.

ಗಂಡ ಕುರ್ಚಿಯನ್ನು ಗೋಡೆಯ ಕಡೆಗೆ ಸರಿಸಿಕೊಳ್ಳುತ್ತಿದ್ದುದನ್ನು ಅವಳು ಗಮನಿಸಿದಳು.

"ಸ್ವಲ್ಪ ಸರೀರಿ. ನಿಮ್ಮ ತಲೆ ಹಿಂದೆ ಏನಿದೆ?"

"ಏನಿಲ್ಲ."

ಅವಳು ಬಗ್ಗಿ ನೋಡಿ ಓದಿದಳು. "ಬಾತುಕೋಳಿ ನಾಲಿಗೆ."

ಮೊದಲು ನಕ್ಕಳು. ಆಮೇಲೆ ನಗು ನಿಂತಿತು. "ತರಿಸಿ."

"ಬೇಡ ಕಣೇ."

"ತರಿಸೀಂದ್ರೆ."

ತಟ್ಟೆಯಲ್ಲಿ ಕಂದು ಬಣ್ಣದ ಪುಟ್ಟ ಪುಟ್ಟ ನಾಲಿಗೆಗಳು ಒಂದರ ಮೇಲೊಂದು ಬಿದ್ದಿದ್ದವು. ಒಂದೊಂದಕ್ಕೂ ನಡುವೆ ಎಳೆಯಷ್ಟು ಮೂಳೆ. ಅವನಿಗೆ ನೋಡಲೂ ಆಗಲಿಲ್ಲ. ಅವಳು ಬೆರಳಲ್ಲೇ ಎಣಿಸಿದಳು.

"ಇಪ್ಪತ್ತೆರಡು. ಇಪ್ಪತ್ತೆರಡು ಬಾತುಕೋಳಿಗಳ ಗಲಾಟೆ ರೀ ಇದು. ನಮ್ಮ ಮೂರನೇ ಲೈನಿನ ಹೆಂಗಸರು ಇದ್ದ ಹಾಗೆ."

ಒಂದನ್ನು ತಿಂದಳು. ಎರಡನೆಯದನ್ನೂ ತಿಂದಳು. ಮೂರನೆಯದರ ಮೂಳೆ ಹುಣ್ಣಿಗೆ ತಾಗಿತು. ಅವಳು ಕೂಗಲಿಲ್ಲ, ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡಳು. ಕರವಸ್ತ್ರದಲ್ಲಿ ಬಾಯಿ ಒರೆಸಿದಾಗ ರಕ್ತವಿತ್ತು. ಮತ್ತೆ ತಟ್ಟೆಗೆ ಕೈ ಹಾಕಿದಳು.

"ಸಾಕು" ಎಂದ ಅವನು.

"ಸಾಕು ಅನ್ನೋಕೆ ನಾಳೆ ಡಾಕ್ಟರಿದ್ದಾರೆ."

ಮುದುಕಿ ರಕ್ತವನ್ನು ನೋಡಿದ್ದಳು. ಪಕ್ಕದ ಕುರ್ಚಿಯ ಮೇಲೆ ಆಸ್ಪತ್ರೆಯ ಫೈಲಿತ್ತು. ಏನೂ ಕೇಳದೆ ಒಳಗೆ ಹೋಗಿ, ಹಬೆಯಲ್ಲಿ ಬೇಯಿಸಿದ ಮೆತ್ತನೆಯ ಮೊಟ್ಟೆಯ ಗಂಜಿಯಂಥದ್ದನ್ನು ಒಂದು ಬಟ್ಟಲಲ್ಲಿ ತಂದಿಟ್ಟಳು. "ಹಲ್ಲು ಇಲ್ಲದವರೂ ತಿಂತಾರೆ. ನೋವಾಗಲ್ಲ."

ಅವಳ ಮುಖ ಕಲ್ಲಾಯಿತು. ಮುದುಕಿ ಅತ್ತ ಹೋದ ಮೇಲೆ ಗಂಡನಿಗೆ ಹೇಳಿದಳು: "ಎರಡು ತಿಂಗಳಿಂದ ಇಂಥದ್ದನ್ನೇ ನುಂಗ್ತಾ ಇದೀನಿ. ಇನ್ನು ಅದೂ ಇಲ್ಲ. ತಗೊಂಡು ಹೋಗೋಕೆ ಹೇಳಿ."

ಅವನಿಗೆ ಹೇಳಲಾಗಲಿಲ್ಲ. ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು ತಲೆ ತಗ್ಗಿಸಿ, ಬಿಸಿಯಾಗಿದ್ದಂತೆಯೇ ಅಷ್ಟನ್ನೂ ತಾನೇ ತಿಂದ. ಬಾಯಿ ಸುಟ್ಟಿತು.

"ಏನಾದ್ರೂ ಹೇಳು" ಎಂದ ಕೊನೆಗೆ.

"ಏನು ಹೇಳ್ಲಿ?"

"ಏನಾದ್ರೂ."

"ಹೇಳೋದೆಲ್ಲ ಹೇಳಿಯಾಯ್ತು. ಇಪ್ಪತ್ತಾರು ವರ್ಷ ಹೇಳಿದೀನಿ. ಇನ್ನೂ ಬಾಕಿ ಇರೋರು ನೀವು."

ಅವನು ದುಡ್ಡು ಎಣಿಸಿ ಮೇಜಿನ ಮೇಲಿಟ್ಟ. ಆರಕ್ಕೆ ಮುಂಚೆಯೇ ಎದ್ದು ರಸ್ತೆ ದಾಟಿದರು.

ಆಪರೇಷನ್ ಒಂಬತ್ತು ಗಂಟೆ ಹಿಡಿಯಿತು. ಅವಳು ಬದುಕಿ ಬಂದಳು. ಹೊಟ್ಟೆಗೆ ಕೊಳವೆ, ಉಸಿರಾಡಲು ಕತ್ತಿನಲ್ಲಿ ತೂತು, ಕೈಯಲ್ಲಿ ಒಂದು ನೋಟ್‌ಬುಕ್ಕು. ಮನೆಗೆ ಬಂದ ಮೇಲೆ ಅವಳೆದುರು ಊಟ ಮಾಡಲು ಅವನಿಗೆ ನಾಚಿಕೆಯಾಗುತ್ತಿತ್ತು. ಸಿರಿಂಜಿನಲ್ಲಿ ಅವಳ ಗಂಜಿಯನ್ನು ಕೊಳವೆಗೆ ಹಾಕಿ, ಅವಳು ಮಲಗಿದ ಮೇಲೆ ತನ್ನ ತಟ್ಟೆ ಹಿಡಿದುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದ. ಒಂದು ದಿನ ಬಾಗಿಲು ತೆರೆಯಿತು. ಅವಳು ನೋಟ್‌ಬುಕ್ಕನ್ನು ಅವನ ಮುಖಕ್ಕೇ ಹಿಡಿದಳು.

'ಕಳ್ಳನ ಹಾಗೆ ತಿನ್ನಬೇಡಿ. ನನ್ನೆದುರು ಕೂತು ತಿನ್ನಿ. ಹೇಗಿದೆ ಹೇಳಿ.'

"ಚೆನ್ನಾಗಿದೆ" ಎಂದ ಅವನು.

'ಚೆನ್ನಾಗಿದೆ ಅಂದರೆ?'

ಅಂದಿನಿಂದ ಅವನು ಹೇಳಲು ಕಲಿತ. ಮೊದಮೊದಲು ಉಪ್ಪು ಜಾಸ್ತಿ, ಉಪ್ಪು ಕಮ್ಮಿ ಎಂಬಷ್ಟೇ. ಆಮೇಲೆ ತಳ ಹತ್ತಿದ ವಾಸನೆ, ಬೇಯದೆ ಉಳಿದ ಕಾಳು, ನಿನ್ನೆಯದಕ್ಕೂ ಇವತ್ತಿನದಕ್ಕೂ ಇದ್ದ ವ್ಯತ್ಯಾಸ. ಸರಿಯಾಗಿ ಹೇಳದಿದ್ದರೆ ಅವಳು ಪೆನ್ನಿನಿಂದ ಮೇಜು ಕುಟ್ಟುತ್ತಿದ್ದಳು. ಸರಿಯಾಗಿ ಹೇಳಿದರೆ ನೋಡುತ್ತಾ ಕೂರುತ್ತಿದ್ದಳು. ಆ ನೋಟದಲ್ಲಿ ಹಸಿವಿತ್ತು. ಅದನ್ನು ಸಹಿಸಿಕೊಂಡು ಅವನು ತಿನ್ನಬೇಕಿತ್ತು.

ಐದನೇ ತಿಂಗಳಲ್ಲಿ ಕತ್ತಿನಲ್ಲಿ ಗಂಟು ಕಾಣಿಸಿತು. ಈ ಸಲ ಡಾಕ್ಟರು ಆಪರೇಷನ್ನಿನ ಮಾತೆತ್ತಲಿಲ್ಲ. ಅದೇ ಆಸ್ಪತ್ರೆ, ಬೇರೆ ವಾರ್ಡು. ಬರೆಯಲು ಕೈ ಏಳದಾದ ಮೇಲೂ ಅವನು ಕ್ಯಾಂಟೀನಿನಿಂದ ಬಂದಾಗ ಅವಳು ಕಣ್ಣಲ್ಲೇ ಕೇಳುತ್ತಿದ್ದಳು. ಅವನು ಹೇಳುತ್ತಿದ್ದ.

ಒಂದು ಬೆಳಗ್ಗೆ ಬ್ರೆಡ್ಡು ತಿಂದು, ಹೇಗೆ ಹೇಳಬೇಕೆಂದು ಮೆಟ್ಟಿಲುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದ. ವಾರ್ಡಿನ ಬಾಗಿಲಲ್ಲಿ ನರ್ಸ್ ಅವನನ್ನು ತಡೆದಳು. ನರ್ಸಿನ ಹಿಂದೆ, ಹೆಂಡತಿಯ ಮಂಚದ ಸುತ್ತ ಪರದೆ ಎಳೆದಿದ್ದರು.

"ಕೂತ್ಕೊಳ್ಳಿ" ಎಂದಳು ನರ್ಸ್.

"ಅಂಚು ಸುಟ್ಟಿತ್ತು" ಎಂದ ಅವನು. "ಒಳಗಡೆ ಹಿಟ್ಟು ಹಸಿಹಸಿಯಾಗಿತ್ತು. ಸ್ವಲ್ಪ ಹುಳಿ ಬಂದಿತ್ತು, ಆದ್ರೂ ಬಿಸಿಯಾಗಿತ್ತು."

ನರ್ಸಿಗೆ ಅರ್ಥವಾಗಲಿಲ್ಲ. ಅವನ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದಳು. ಅವನು ಇನ್ನೂ ಹೇಳುತ್ತಲೇ ಇದ್ದ.