ಗಾಲಿ ಬೆಂಚುಗಳ ಶಾಲೆ

ಆ ಬೆಂಚುಗಳು ಉರುಳುವ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ದೂರದಲ್ಲೆಲ್ಲೋ ಮಲಗಿದ ಗುಡುಗು ಮಗ್ಗುಲು ಬದಲಿಸಿದ ಹಾಗೆ.

ನಮ್ಮೂರ ಶಾಲೆಯ ಕೋಣೆಗಳ ನಡುವಿನ ಗೋಡೆಗಳನ್ನು ಕೆಡವಿಸಿ ಒಂದೇ ಹಜಾರ ಮಾಡಿಸಿದವನು ನಾನು. ಮಗುವಿಗೊಂದು ಪುಟ್ಟ ಬೆಂಚು, ಬೆಂಚಿಗೆ ಗಾಲಿ. ಗೋಡೆಯ ಬದಲು ಮಡಚಿಡುವ ಬಿದಿರಿನ ತಟ್ಟಿ. ಮೂರು ಲೋಕದಲ್ಲಿ ಅಂಥ ಶಾಲೆ ಇರಲಿಲ್ಲ. ನೋಡಲು ಬಂದವರ ಚಪ್ಪಲಿ ರಾಶಿ ಸೂರು ಮುಟ್ಟುತ್ತಿತ್ತು; ನಂಬದಿದ್ದರೆ ಬೇಡ, ಕಿಟಕಿಯವರೆಗಂತೂ ಇತ್ತು. ಗಾಲಿ ಜೋಡಿಸಿದ ಬಡಗಿ ವೀರಾಚಾರಿ ಮಾತ್ರ, "ಮೇಷ್ಟ್ರೇ, ಎತ್ತು ಯಾವಾಗ ಕಟ್ತೀರಿ?" ಎಂದು ಕಿಸಕ್ಕನೆ ನಕ್ಕಿದ್ದ.

ಅಲ್ಲಿ ಒಂದೇ ಕಟ್ಟಳೆ: ನಿನ್ನೆ ಕೂತಲ್ಲಿ ಇಂದು ಕೂರುವಂತಿಲ್ಲ. ಗಂಟೆ ಹೊಡೆದೊಡನೆ ಮಕ್ಕಳು ಚೀಲವನ್ನು ಬೆಂಚಿನ ಮೇಲೆ ಹೇರಿ, ತಳ್ಳಿಕೊಂಡು ಹೊಸ ಜಾಗ ಹುಡುಕುವರು. ಹಿಂದಿನ ಬೆಂಚು ಎಂಬುದನ್ನೇ ಭೂಮಿಯ ಮೇಲಿಂದ ಅಳಿಸಿಬಿಟ್ಟೆ ಎಂದು ನಾನು ಬೀಗುತ್ತಿದ್ದೆ.

ಒಂದು ವರ್ಷ ಊರಿಗೆ ಜ್ವರ ಬಂತು. ಶಾಲೆ ಮುಚ್ಚಿ ಮತ್ತೆ ತೆರೆದಾಗ ಬೆಂಚುಗಳು ಎಂದಿನಂತೆ ಉರುಳಿ ದುಂಡಗೆ ಕೂಡಿಕೊಂಡವು. ಎಲ್ಲೂ ಸಂದು ಕಾಣಲಿಲ್ಲ.

ಒಂದು ಬೆಳಿಗ್ಗೆ ಗಂಟು ಹಿಡಿದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ನನ್ನ ಕೀರ್ತಿ ಕೇಳಿ ಬಂದವಳೆಂದುಕೊಂಡೆ. ತಟ್ಟಿ ಮಡಚಿದೆ, ಬಿಚ್ಚಿದೆ, ಬೆಂಚನ್ನು ಬುಗುರಿಯಂತೆ ತಿರುಗಿಸಿದೆ. "ಕಣ್ಣು ಮಿಟುಕಿಸಬೇಡಿ ತಾಯಿ, ಅಷ್ಟರಲ್ಲಿ ಶಾಲೆಯೇ ಬದಲಾಗಿರುತ್ತೆ!"

ಅವಳು ಎಲ್ಲವನ್ನೂ ತಾಳ್ಮೆಯಿಂದ ನೋಡಿದಳು. ಆಮೇಲೆ ಹೇಳಿದಳು:

"ನಾನು ಅಂಬುಜಿಯ ಅವ್ವ, ಮೇಷ್ಟ್ರೇ. ಅವಳನ್ನ ಅಜ್ಜಿ ಹತ್ರ ಬಿಟ್ಟು ದೂರದ ಗಿರಣಿಗೆ ಹೋಗಿದ್ದೆ. ಸುದ್ದಿ ಮುಟ್ಟೋ ಹೊತ್ತಿಗೆ ಮಣ್ಣೂ ಮಾಡಿದ್ರು. ಅವಳು ಕೂತ್ಕೋತಿದ್ದ ಜಾಗ ತೋರ್ಸಿ. ಒಂದು ಗಳಿಗೆ ಅಲ್ಲಿ ಕೂತು ಹೋಗ್ತೀನಿ."

ನಾನು ಹಜಾರದ ಸುತ್ತ ಕಣ್ಣಾಡಿಸಿದೆ. ಹಳೆಯ ಸಾಲುಗಳಿದ್ದರೆ ಒಂದು ಜಾಗ ಬರಿದಾಗಿ ಉಳಿದಿರುತ್ತಿತ್ತು. ನನ್ನ ಶಾಲೆ ಅದನ್ನೂ ಉಳಿಸಿರಲಿಲ್ಲ. ಅವಳ ಬೆಂಚು ಯಾವುದೆಂದೂ ಗೊತ್ತಿರಲಿಲ್ಲ. ಎಲ್ಲವೂ ಒಂದೇ ಥರ.

"ಇಲ್ಲಿ ಕೂತಿದ್ಲು," ಎಂದಳು ಪುಟ್ಟಿ ತುಂಗೆ. "ನನ್ನ ಪಕ್ಕ. ಬಳಪ ಮುರಿದು ಅರ್ಧ ಕೊಟ್ಲು."

"ಥೂ ಸುಳ್ಳಿ! ಕಿಟಕಿ ಹತ್ರ, ನನ್ನ ಜತೆ!" ಎಂದು ಎದ್ದ ಬೋರಣ್ಣ.

"ತಟ್ಟಿ ಹಿಂದೆ ನಾವಿಬ್ರೂ ಹುಣಸೇಹಣ್ಣು ತಿಂದ್ವಿ," ಎಂದಿತು ಇನ್ನೊಂದು ದನಿ. "ಮೇಷ್ಟ್ರಿಗೆ ಹೇಳ್ಬೇಡಿ."

ಹಜಾರ ಸಂತೆಯಾಯಿತು. "ಒಬ್ಬೊಬ್ಬರಾಗಿ ತೋರ್ಸ್ರಪ್ಪ," ಎಂದು ತಾಯಿ ಗಂಟು ಕೆಳಗಿಟ್ಟಳು. ಕರೆದ ಕಡೆಗೆಲ್ಲ ಹೋಗಿ, ನೆಲ ಸವರಿ ಕೂತಳು. ಕಿಟಕಿಯ ಬಳಿ, ಕಂಬದ ಮಗ್ಗುಲಲ್ಲಿ, ತಟ್ಟಿಯ ಮರೆಯಲ್ಲಿ. ಎಲ್ಲ ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಬೆಳಗಿನ ಆ ಬಡಾಯಿಯ ನಂತರ ನನ್ನ ಶಾಲೆಯ ಬಗ್ಗೆ ನಾನು ಮತ್ತೊಂದು ಮಾತೂ ಆಡದ ದಿನ ಅದು. ಅಂಥ ಬೇರೆ ಯಾವ ದಿನವೂ ನೆನಪಾಗುವುದಿಲ್ಲ.

ಮರುದಿನ ಗಂಟೆ ಹೊಡೆದೆ. ಬೆಂಚುಗಳು ಗುಡುಗಿಕೊಂಡು ಹೊರಟವು. ತುಂಗೆ ತನ್ನದನ್ನು ನಿಲ್ಲಿಸಿ, ಓಡಿಬಂದು, ಯಾರೂ ತಳ್ಳದೆ ಮೂಲೆಯಲ್ಲಿ ಉಳಿದಿದ್ದ ಇನ್ನೊಂದನ್ನು ತಳ್ಳಿಕೊಂಡು ಹೋಗಿ ಕಿಟಕಿಯ ಬಳಿ ಬಿಟ್ಟಳು. ಅದರಾಚೆಯ ದಿನ ಬೋರಣ್ಣ ಅದನ್ನು ಕಂಬದ ಬಳಿಗೆ ಒಯ್ದ. ಯಾರೂ ಹೇಳಿಕೊಟ್ಟಿರಲಿಲ್ಲ.

ದಿನವೂ ಕಣ್ಣು ಮುಚ್ಚಿಕೊಂಡೇ ಅದನ್ನು ಗುರುತಿಸುತ್ತಿದ್ದೆ. ಅಷ್ಟು ಗುಡುಗಿನ ನಡುವೆ, ಚೀಲದ ಭಾರವಿಲ್ಲದೆ, ಹಗುರವಾಗಿ ಉರುಳುವ ಒಂದು ಬೆಂಚು.