ಹತ್ತು ಕುರಿ, ಒಂದು ಬ್ಯೂಟಿಷಿಯನ್ ಕೋರ್ಸು

ಇಂಟರ್, ಅಂದರೆ ಹನ್ನೆರಡನೆಯ ತರಗತಿ ಮುಗಿಸಿದ ಹುಡುಗಿ ಮನೆಯಲ್ಲಿ ಕೂತರೆ ಮನೆಮಂದಿಗೆ ನೆಮ್ಮದಿ ಇರುವುದಿಲ್ಲ. ಓಣಿಯೆಲ್ಲ “ಮುಂದೇನು?” ಎಂದು ಕೇಳುತ್ತದೆ. ಮೊಗುಡಂಪಲ್ಲಿಯ ಭೀಮಮ್ಮನಿಗೂ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿತ್ತು. ಅಷ್ಟರಲ್ಲಿ ಮಗಳು ಮೀನಾ ಜಹೀರಾಬಾದಿನಿಂದ ಬಣ್ಣದ ಚೀಟಿಯೊಂದನ್ನು ತಂದಳು. ಬ್ಯೂಟಿಷಿಯನ್ ಡಿಪ್ಲೊಮಾ, ಒಂದು ವರ್ಷ, ಫೀಸು ಎಂಬತ್ತು ಸಾವಿರ. ಕೆಳಗೆ ದಪ್ಪ ಅಕ್ಷರದಲ್ಲಿ ‘ತಿಂಗಳಿಗೆ ಮೂವತ್ತು ಸಾವಿರ ಗಳಿಸಿ! ಸೋಮವಾರವೇ ಕಡೆಯ ದಿನ!’

ಅಪ್ಪ ಪೀರಪ್ಪ ಅದನ್ನು ಓದಿಸಿ ಕೇಳಿದ್ದೇ ತಡ, ಎದ್ದು ನಿಂತ.

“ಹತ್ತು ಕುರಿ ಮಾರಿದ್ರ ಆತು. ಶನಿವಾರ ಸಂತಿಗಿ ಹೊಡ್ಕೊಂಡು ಹೋಗ್ತೀನಿ. ಮೂರು ತಿಂಗಳ್ದಾಗ ರೊಕ್ಕ ವಾಪಸ್ ಬರ್ತದ!”

ಹಟ್ಟಿಯಲ್ಲಿ ಇದ್ದದ್ದೇ ಇಪ್ಪತ್ತೆರಡು ಕುರಿ. ಮಾರಲು ಹೊರಟ ಹತ್ತೂ ಮರಿ ಹಾಕುವ ವಯಸ್ಸಿನವು. ಅವು ಹೋದರೆ ಉಳಿಯುವುದು ಮುದಿ ಕುರಿ ಮತ್ತು ಎಳೆ ಮರಿ. ಕೋರ್ಸು ಕೈಕೊಟ್ಟರೆ ಮಗಳಿಗೆ ಕೆಲಸವೂ ಇಲ್ಲ, ಮನೆಗೆ ಹಟ್ಟಿಯೂ ಇಲ್ಲ. ಬೇಡ ಎಂದರೆ ಮಗಳ ದಾರಿಗೆ ಅಡ್ಡ ಬಂದ ತಾಯಿ ಎನಿಸಿಕೊಳ್ಳಬೇಕು. ಭೀಮಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹಸನು ಮಾಡಿಟ್ಟ ಜೋಳವನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡಳು.

“ಮೀನಾ, ಈ ಮೂವತ್ತು ಸಾವಿರ ಹ್ಯಾಂಗ ಬರ್ತದ?”

“ಮದುಮಗಳ ಮೇಕಪ್ಪಿಗಿ ಐದು ಸಾವಿರ ಅಂತ ಅವ್ವಾ. ತಿಂಗಳಿಗಿ ಆರು ಮದುವಿ ಹಿಡಿದ್ರ ಆತು.”

“ಆಷಾಢದಾಗೂ ಆರು ಮದುವಿ ಆಗ್ತಾವೇನು? ಮೂಢ ಬಂದಾಗ?”

ಮೀನಾ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಗುರುವೋ ಶುಕ್ರನೋ ಅಸ್ತನಾದ ದಿನಗಳಿಗೆ ಈ ಸೀಮೆಯಲ್ಲಿ ಮೂಢ ಎನ್ನುತ್ತಾರೆ. ಆಗ ಯಾರ ಅಂಗಳದಲ್ಲೂ ಮದುವೆ ಹಂದರ ಏಳುವುದಿಲ್ಲ. ಚೀಟಿ ಅಚ್ಚು ಹಾಕಿಸಿದವರಿಗೆ ಪಂಚಾಂಗ ಸಿಕ್ಕಿರಲಿಲ್ಲವೋ ಏನೋ.

“ಎಲ್ಲದಕ್ಕೂ ನಿಂದೊಂದು ಅಡ್ಡಗಾಲು!” ಎಂದು ಪೀರಪ್ಪ ಸಿಡಿದ.

“ಸಂತ್ಯಾಗ ಬಾಯಿ ತೆರಸಿ ಹಲ್ಲು ನೋಡದಂಗ ಒಂದು ಕುರಿ ತಂದೀರೇನ್ರಿ? ಹೊಟ್ಟ್ಯಾಗಿನ ಮರಿ ಎಂದಾದ್ರೂ ಲೆಕ್ಕಕ್ಕ ಹಿಡದೀರೇನ್ರಿ? ಈಗ ನೋಡಿದ್ರ ಒಂದು ಚೀಟಿಗಿ ಹತ್ತು ಕುರಿ ಕೊಡಾಕ ನಿಂತೀರಿ!”

ಪೀರಪ್ಪ ಬೀಡಿ ಹುಡುಕುವ ನೆಪದಲ್ಲಿ ಹೊರಗೆ ಹೋದ.

ಮರುದಿನ ಭೀಮಮ್ಮ ಮಗಳನ್ನು ಕರೆದುಕೊಂಡು ಆಟೋ ಹತ್ತಿದಳು. ಜಹೀರಾಬಾದಿನ ಆ ಬ್ಯೂಟಿಷಿಯನ್ ಸ್ಕೂಲು ತಣ್ಣಗಿತ್ತು, ನಾಲ್ಕೂ ಕಡೆ ಕನ್ನಡಿ. ಮೇಡಂ ಚಹಾ ತರಿಸಿದಳು. ಭೀಮಮ್ಮ ಚಹಾ ಕುಡಿದಳು, ಆದರೆ ಮರುಳಾಗಲಿಲ್ಲ.

“ಹ್ವಾದ ವರ್ಷ ಇಲ್ಲಿ ಕಲ್ತ ಹುಡಿಗ್ಯಾರು ಈಗ ಎಲ್ಲಿದ್ದಾರ್ರಿ?”

ಮೇಡಂ ಗೋಡೆಯ ಮೇಲಿನ ಫೋಟೋ ತೋರಿಸಿದಳು.

“ಫೋಟೋ ಚಂದ ಅದಾವ್ರಿ. ನನಗ ಹುಡಿಗ್ಯಾರು ಬೇಕು. ಒಬ್ಬಾಕಿ ಫೋನ್ ನಂಬರ್ ಕೊಡ್ರಿ.”

ಒಂದೂ ನಂಬರ್ ಸಿಗಲಿಲ್ಲ. ಕಲಿಯಲು ಬೇಕಾದ ಸಾಮಾನಿಗೆ ಬೇರೆ ಇಪ್ಪತ್ತು ಸಾವಿರ ಕೊಡಬೇಕಂತೆ. ನಡುವೆ ಬಿಟ್ಟರೆ ಕಟ್ಟಿದ ಫೀಸು ತಿರುಗಿ ಬರುವುದಿಲ್ಲವಂತೆ.

“ಇವತ್ತೇ ಅಡ್ವಾನ್ಸ್ ಕಟ್ರಿ ಅಮ್ಮಾ, ಸೀಟು ಹೋಗ್ತಾವ,” ಎಂದಳು ಮೇಡಂ.

“ಸಂತ್ಯಾಗ ದಲ್ಲಾಳಿನೂ ಹಿಂಗೇ ಅಂತಾನ್ರಿ,” ಎಂದು ಭೀಮಮ್ಮ ಎದ್ದಳು.

ಬೀದಿಗೆ ಬಂದಕೂಡಲೇ ಮೀನಾ ಅತ್ತುಬಿಟ್ಟಳು. “ನಾ ಸಾಯೋ ತನಕ ಕುರಿ ಹಿಂದೇ ತಿರಗಬೇಕು ಅಂತೀ ನೀ!”

ಭೀಮಮ್ಮ ಸೆರಗಿನಿಂದ ಮಗಳ ಕಣ್ಣೊರೆಸಿ, ಬಸ್‌ಸ್ಟ್ಯಾಂಡ್ ಹತ್ತಿರದ ಸಣ್ಣ ಪಾರ್ಲರ್‌ಗೆ ನಡೆದಳು. ಅದು ಅವರೂರಿನದೇ ಹೆಣ್ಣುಮಗಳು ಬಾಲಮಣಿ ಇಟ್ಟ ಅಂಗಡಿ. ಬಾಲಮಣಿ ಹಲ್ಲಲ್ಲಿ ದಾರ ಕಚ್ಚಿಕೊಂಡು ಒಬ್ಬಳ ಹುಬ್ಬು ತಿದ್ದುತ್ತಿದ್ದಳು. ಕೆಲಸ ಮುಗಿಸಿ, ಚೀಟಿ ಓದಿ, ನಕ್ಕಳು.

“ಮದುವಿ ಸೀಸನ್ದಾಗ ನನಗ ಉಣ್ಣಾಕ ಪುರಸೊತ್ತಿರಲ್ಲ. ಒಂದೊಂದು ತಿಂಗಳು ಇಪ್ಪತ್ತೈದು ಸಾವಿರನೂ ಬಂದಾವ. ಆಷಾಢದಾಗ ನೊಣ ಹೊಡಕೋತ ಕೂಡ್ತೀನಿ. ಬಾಡಿಗಿ ಮಾತ್ರ ಆಷಾಢ ನೋಡಲ್ಲ. ಇಡೀ ವರ್ಷದ್ದು ಕೂಡಿಸಿ, ಬಾಡಿಗಿ, ಕರೆಂಟು, ಕ್ರೀಮು ಕಳೆದ್ರ ತಿಂಗಳಿಗಿ ಎಂಟು ಸಾವಿರ ಕೈಯಾಗ ಉಳೀತಾವ.”

“ಎಂಟೇ ಏನಕ್ಕಾ?” ಮೀನಾಳ ಮುಖ ಬಾಡಿತು.

“ಎಂಟೇ. ಅದ್ರಾಗೇ ಮಗಳನ್ನ ಓದಸ್ಲಿಕತ್ತೀನಿ. ಯಾರ ಮುಂದೂ ಕೈ ಚಾಚಿಲ್ಲ. ಕೆಲಸ ಖೊಟ್ಟಿ ಅಲ್ಲ ತಂಗಿ, ಚೀಟಿ ಖೊಟ್ಟಿ. ನೀವು ಕೊಡೋದು ಸಾಮಾನು ಹಿಡಿದು ಒಂದು ಲಕ್ಷ. ಎಂಟೆಂಟು ಸಾವಿರದಂಗ ಅದು ತಿರುಗಿ ಬರಾಕ ವರ್ಷದ ಮ್ಯಾಲೇ ಬೇಕು. ಹೊಸಬಳಿಗಿ ಮೊದಲ ವರ್ಷ ಆ ಎಂಟೂ ಸಿಗಲ್ಲ.”

“ಹಂಗಾದ್ರ ಏನ್ಮಾಡ್ಬೇಕವ್ವಾ?” ಎಂದಳು ಭೀಮಮ್ಮ.

“ನಾ ಕಲ್ತದ್ದು ಮೂರು ತಿಂಗಳ ಕೋರ್ಸು, ಹದಿನೈದು ಸಾವಿರ. ಉಳಿದದ್ದು ಕೆಲಸ ಮಾಡ್ಕೋತ ಕಲ್ತೆ. ಬ್ಯಾಂಕಿನವ್ರು ಪುಕ್ಕಟ ಕಲಸೋ ಜಾಗಾನೂ ಇರ್ತಾವ, ಅದನ್ನೂ ಕೇಳ್ರಿ. ಅದಕ್ಕಿಂತ ಮೊದಲ ಮೀನಾ ಹದಿನೈದು ದಿನ ನನ್ನ ಅಂಗಡಿಗಿ ಬರಲಿ. ದಿನಾ ನಿಂತು ಕೆಲಸ ಮಾಡಾಕ ಮನಸು ಒಗ್ತದೋ ಇಲ್ಲೋ ಗೊತ್ತಾಗ್ತದ.”

ಮೀನಾ ಹೋದಳು. ಮೊದಲ ಎರಡು ದಿನ ಕಸ ಗುಡಿಸಿದಳು. ಮೂರನೆಯ ದಿನ ದಾರ ಹಿಡಿದಳು, ತುಟಿ ಕೊಯ್ದುಕೊಂಡಳು. ಸೋಮವಾರ ಬಂತು, ಹೋಯಿತು. ಮಂಗಳವಾರ ಸ್ಕೂಲಿನ ಮೇಡಂ ಫೋನ್ ಮಾಡಿ, ಕಡೆಯ ದಿನ ಇನ್ನೂ ಒಂದು ವಾರ ಮುಂದೆ ಹೋಗಿದೆ, ಫೀಸಿನಲ್ಲೂ ಹತ್ತು ಸಾವಿರ ಬಿಡುತ್ತೇವೆ ಎಂದಳು.

ಪೀರಪ್ಪ ಹೊಟ್ಟೆ ಹಿಡಿದು ನಕ್ಕ. “ಸಂತಿ ಮುಗಿಯೋ ಹೊತ್ತಿಗಿ ದಲ್ಲಾಳಿ ರೇಟು ಇಳಸ್ದಂಗಾತು! ನಾನೇ ಮೋಸ ಹೋಗ್ತಿದ್ದೆ ನೋಡು.”

ಹದಿನೈದು ದಿನವಾದರೂ ಮೀನಾ ಕೆಲಸ ಬಿಡಲಿಲ್ಲ. ಪುಕ್ಕಟೆ ತರಬೇತಿಗೆ ಆರು ತಿಂಗಳು ಕಾಯಬೇಕಿತ್ತು. ಹಾಗಾಗಿ ಮೂರು ತಿಂಗಳ ಕೋರ್ಸೇ ಗಟ್ಟಿಯಾಯಿತು. ಶನಿವಾರ ಬೆಳಿಗ್ಗೆ ಹಟ್ಟಿಯಿಂದ ಹೊರಬಿದ್ದದ್ದು ಹತ್ತು ಕುರಿಯಲ್ಲ, ಎರಡು. ಎರಡನ್ನೂ ಭೀಮಮ್ಮನೇ ಮರಿಯಿಂದ ಸಾಕಿದ್ದಳು. ಅವು ತಿರುವಿನಲ್ಲಿ ಮರೆಯಾಗುವಾಗ ಅವಳಿಗೆ ಅಳು ತಡೆಯಲಾಗಲಿಲ್ಲ.

ಮೀನಾ ಅವ್ವನನ್ನು ಹೊಸ್ತಿಲ ಮೇಲೆ ಕೂರಿಸಿ ದಾರ ತೆಗೆದಳು. “ಅಳಬ್ಯಾಡ. ಮೊದಲ ಗಿರಾಕಿ ನೀನೇ.”

“ಈ ವಯಸ್ಸಿನ್ಯಾಗ ನನಗ ಹುಬ್ಬು ತಿದ್ದತೀ ಏನು!” ಎಂದಳು ಭೀಮಮ್ಮ. ಆದರೂ ಕಣ್ಣು ಮುಚ್ಚಿ ಮುಖ ಮುಂದೆ ಚಾಚಿದಳು. ಮಗಳು ಹಲ್ಲಲ್ಲಿ ದಾರ ಕಚ್ಚಿಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗಳೂ ಇಂಥ ಚೀಟಿ ತಂದಾಳು. ಗದರಬೇಡಿ, ಕುಣಿಯಲೂ ಬೇಡಿ. ಅವಳ ಜೊತೆ ಹೋಗಿ, ಅಲ್ಲಿ ಕಲಿತ ಇಬ್ಬರನ್ನಾದರೂ ಕಂಡು ಮಾತಾಡಿ. ಫೀಸಿನ ಹೊರಗಿನ ಖರ್ಚು ಎಷ್ಟು, ನಡುವೆ ಬಿಟ್ಟರೆ ಹಣ ತಿರುಗಿ ಬರುತ್ತದೆಯೇ ಎಂದು ಕೇಳಿ. ಗಳಿಕೆ ಲೆಕ್ಕ ಹಾಕುವಾಗ ಮದುವೆಯ ತಿಂಗಳ ಜೊತೆ ಆಷಾಢವನ್ನೂ ಸೇರಿಸಿ. ‘ಇವತ್ತೇ ಕಡೆಯ ದಿನ’ ಎಂದು ಅವಸರ ಮಾಡಿದರೆ ಭೀಮಮ್ಮನ ಹಾಗೆ ಎದ್ದು ಬನ್ನಿ. ಕಲಿಯುವುದಕ್ಕೆ ನಾಳೆಯೂ ದಿನವಿದೆ. ಮಾರಿದ ಕುರಿ ಮಾತ್ರ ಹಟ್ಟಿಗೆ ತಿರುಗಿ ಬರುವುದಿಲ್ಲ.